ಪೆಡಲ್ ಇಲ್ಲದ ಒಂದು ಪುಟ

ದೊಡ್ಡ ಕೃತಿ ಕಲಿಸಿ ಎಂದು ದುಂಬಾಲು ಬೀಳುವ ಶಿಷ್ಯರಿಗೆ ನಾನೊಂದು ಪರೀಕ್ಷೆ ಇಡುತ್ತೇನೆ. ತಮಗೆ ಚೆನ್ನಾಗಿ ಬರುವ ಒಂದು ಪುಟವನ್ನು ಪಿಯಾನೋದ ಪೆಡಲ್ ಒತ್ತದೆ ನುಡಿಸಬೇಕು, ಅಷ್ಟೇ. ಪೆಡಲ್ ಒತ್ತಿದರೆ ಸ್ವರಗಳು ಒಂದರೊಳಗೊಂದು ಬೆರೆತು ಬೆರಳುಗಳ ಕಳ್ಳಾಟವೆಲ್ಲ ಮುಚ್ಚಿಹೋಗುತ್ತದೆ. ಕಾಲು ತೆಗೆದರೆ ಬಣ್ಣ ಬಯಲು. ಹತ್ತೊಂಬತ್ತನೇ ಶತಮಾನದ ಯುರೋಪಿನ ರೊಮ್ಯಾಂಟಿಕ್ ಸಂಗೀತವೆಂದರೆ ಕಣ್ಣು ಮುಚ್ಚಿ ತಲೆದೂಗುವುದು ಎಂದುಕೊಂಡ ಎಷ್ಟೋ ಜನ ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋಗಿದ್ದಾರೆ. “ಈಗಲೇ ಬೇಡ” ಎನ್ನಲು ನಾನು ಯಾವತ್ತೂ ಹಿಂದೆ ಮುಂದೆ ನೋಡಿದವಳಲ್ಲ.

ಆ ಮಂಗಳವಾರ ಪರೀಕ್ಷೆಗೆ ಕೂತವಳು ನನ್ನ ಅಕ್ಕ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲೆಲ್ಲ ಬಟ್ಟೆ ಮಡಚಿ, ಮನೆಗೆ ಬಂದು ಬೇರೆಯವರ ಬಟ್ಟೆಗೂ ಇಸ್ತ್ರಿ ಹಾಕಿ ನನ್ನನ್ನು ಸಂಗೀತ ಶಾಲೆಗೆ ಕಳಿಸಿದಳು. ಕೊನೆಯ ವರ್ಷ ನಾನು ಎಂಟು ತಿಂಗಳು ಒಂದೇ ಕೃತಿಗೆ ಜೋತುಬಿದ್ದಿದ್ದಾಗ, ಇಸ್ತ್ರಿ ಮೇಜಿನ ಹಿಂದೆ ನಿಂತು ಕೇಳಿ ಕೇಳಿ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ನಿವೃತ್ತಳಾದ ವಾರವೇ ನನ್ನ ಬಳಿ ಕಲಿಯಲು ಬಂದಳು. ಈಗ ಅವಳಿಗೆ ಅರವತ್ತಾರು. ಆರು ವರ್ಷ ಬೆವರು ಸುರಿಸಿದ್ದೆಲ್ಲ ಆ ಒಂದು ಕೃತಿಗಾಗಿ.

ನುಡಿಸಿದಳು. ಬಲಗೈ ಹಾಡಿತು, ಸುಳ್ಳೇಕೆ ಹೇಳಲಿ, ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಹಾಡಿತು. ಎಡಗೈ ಮಾತ್ರ ಕೆಳಗಿನ ಸ್ವರದಿಂದ ಮೇಲಕ್ಕೆ ಹಾರುವಾಗಲೆಲ್ಲ, ಇನ್ನೊಂದು ಮೆಟ್ಟಿಲಿದೆಯೇನೋ ಎಂದು ಕಾಲಲ್ಲಿ ತಡಕುವವರ ಹಾಗೆ ಒಂದು ಕ್ಷಣ ಹಿಂಜರಿಯಿತು. ಅವಳು ಆಸೆಪಟ್ಟ ಕೃತಿಯ ತುಂಬ ಇಂಥದ್ದೇ ಹಾರಾಟ, ಇದರ ಎರಡರಷ್ಟು ದೂರಕ್ಕೆ, ಎರಡರಷ್ಟು ವೇಗದಲ್ಲಿ. ಈಗ ಶುರುಮಾಡಿದರೆ ಕೈ ಬಿಗಿದುಕೊಂಡು ನೋವು ತಂದುಕೊಳ್ಳುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದೆ. ಆದರೆ ಅರವತ್ತಾರರ ಅಕ್ಕನಿಗೆ ಕಾಯಲು ಹೇಳುವುದು ಹೇಗೆ?

“ಚೆನ್ನಾಗಿತ್ತು ಅಕ್ಕಾ. ನಾಳೆಯಿಂದ್ಲೇ ಶುರು ಮಾಡೋಣ,” ಎಂದೆ.

ಅಕ್ಕ ಕೈಗಳನ್ನು ಮಡಿಲಿಗೆ ತೆಗೆದುಕೊಂಡಳು.

“ಪುಟ್ಟೀ, ಹೋದ ವಾರ ಇದೇ ಪರೀಕ್ಷೆಗೆ ಕೂತ ಆ ಡಾಕ್ಟರಮ್ಮನಿಗೆ ಏನಂದೆ?”

“ಅವರಿಗಾ? ಎಡಗೈ ಇನ್ನೂ ಪಳಗಿಲ್ಲ, ಈಗಲೇ ಬೇಡ ಅಂದೆ.”

“ಅವರ ಎಡಗೈ ನನ್ನದಕ್ಕಿಂತ ವಾಸಿ. ಹೊರಗೆ ಕೂತು ನಾನೇ ಕೇಳಿದೀನಿ. ಅವರಿಗೆ ನಿಜ ಹೇಳ್ತೀಯ, ನನಗೆ ಬೆಣ್ಣೆ ಹಚ್ತೀಯ. ಮುದುಕಿ ಏನೋ ಒಂದು ಬಾರಿಸಿಕೊಂಡಿರಲಿ ಅಂತ ತಾನೆ?”

ನಲವತ್ತೆಂಟರ ಪುಟ್ಟಿಗೆ, ಊರೆಲ್ಲ ಹೆದರುವ ಟೀಚರಿಗೆ, ಅಳು ಬಂದುಬಿಟ್ಟಿತು.

“ಎಡಗೈ ತಡ ಆಗ್ತಿದೆ, ಅಕ್ಕಾ. ಪ್ರತಿ ಸಲ. ಈಗ ಶುರು ಮಾಡಿದ್ರೆ ಕೈ ಹಾಳಾಗುತ್ತೆ. ಇನ್ನೂ ಒಂದು ವರ್ಷ ಬೇಕು.”

ಅವಳ ಮುಖ ಬಾಡುತ್ತದೆ ಎಂದುಕೊಂಡಿದ್ದೆ. ಅರಳಿತು.

“ಒಂದು ವರ್ಷ ಬೇಕು ಅಂದ್ರೆ, ಆಮೇಲೆ ಬರುತ್ತೆ ಅಂತಾಯ್ತು,” ಎಂದಳು. “ಆರು ವರ್ಷದಲ್ಲಿ ನೀನು ಒಂದು ಸಲವೂ ಅದನ್ನ ಹೇಳಿರಲಿಲ್ಲ ಕಣೇ.”

ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು. ಅದೇ ಪುಟವನ್ನು ಎಡಗೈ ಒಂದರಲ್ಲೇ, ನಿಧಾನವಾಗಿ, ಮೊದಲಿನಿಂದ ಶುರುಮಾಡಿಸಿದೆ.