ಬಕೆಟ್ಟಿನ ಕಾಂಡ್ಲಾ ಸಸಿಗಳು

ಲಕ್ಕಣ್ಣ ಕೊನೆಯ ಹಸಿರು ಕಡ್ಡಿಯನ್ನೂ ಗೋರಿಯ ಹಸಿ ಮಣ್ಣಿಗೆ ಚುಚ್ಚಿ ಕೈ ಕೊಡವಿದ. ಒಳಗೆ ಮಲಗಿದ್ದವನು ಅವನ ಗೆಳೆಯ, ಯಲಹಂಕದ ವ್ಯಾನ್ ಡ್ರೈವರ್ ಅಜ್ಜು. ಮಣ್ಣು ಕೊಟ್ಟವರು ಫಾತಿಹಾ ಓದಿ ಒಬ್ಬೊಬ್ಬರಾಗಿ ಹೊರಡುತ್ತಿದ್ದರು.

ಅಜ್ಜುವಿನ ಅಳಿಯ ಹಮ್ಜಾ ಗಾಬರಿಯಿಂದ ಕೇಳಿದ, "ಲಕ್ಕಣ್ಣ ಮಾಮ, ಇವೆಲ್ಲಿ ಸಿಕ್ಕಿದ್ವು?"

"ನಿಮ್ಮ ಬಚ್ಚಲಾಗೆ ಕಣಪ್ಪ. ಮಯ್ಯತ್‌ಗೆ ಸ್ನಾನ ಮಾಡ್ಸಕ್ಕೆ ಬಕೆಟ್ ಬೇಕು ಅಂದ್ರು. ನೀರು ಚೆಲ್ಲಿ ಇವನ್ನ ಎತ್ತಿಟ್ಟಿದ್ದೆ. ನಿಮ್ಮೋರು ಗೋರಿ ಮ್ಯಾಲೆ ಅಸಿರು ಇಕ್ತಾರಲ್ಲ, ಅದ್ಕೇ ಇಂಗೆ ಮಾಡ್ದೆ."

"ಅಯ್ಯೋ, ಅವು ಕಾಂಡ್ಲಾ ಸಸಿ. ಅತ್ತೆಗೆ ಏನ್ ಹೇಳ್ಲಿ?"

*

ಅಜ್ಜು ಪ್ರವಾಸಿಗರನ್ನು ಹೊನ್ನಾವರದ ಅಳಿವೆಗೆ ಕರೆದೊಯ್ಯುತ್ತಿದ್ದ. ನದಿ ಕಡಲನ್ನು ಸೇರುವ ಆ ಕೆಸರಿನಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಕಾಡನ್ನು ಕಾಯ್ದಿಟ್ಟಿದ್ದಾರೆ; ಅಲ್ಲಿಂದ ಒಂದು ಎಲೆಯನ್ನೂ ತರಬಾರದು. ಆದರೂ ಊರಿಗೆ ಬಂದು ವ್ಯಾನ್ ಗುಡಿಸುವಾಗ, ಯಾರೋ ಕಿತ್ತು ತಂದು ಬಿಸಾಡಿದ ಸಸಿಗಳು ಸೀಟಿನಡಿ ಸಿಗುತ್ತಿದ್ದವು. ಅವನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಉಳಿಸಿಕೊಂಡು, ಮುಂದಿನ ಬಾಡಿಗೆಗೆ ಹೋದಾಗ ಅದೇ ಕೆಸರಿನಲ್ಲಿ ನೆಟ್ಟು ಬರುತ್ತಿದ್ದ.

"ಸಮುದ್ರ ತೋರ್ಸಿ ಅಂದ್ರೆ ಬಚ್ಚಲಿಗೇ ತಂದ್ರಲ್ಲ," ಎಂದು ಹೆಂಡತಿ ಅಕ್ಬರಿ ಛೇಡಿಸುತ್ತಿದ್ದಳು.

ಅಜ್ಜು ಬಕೆಟ್ಟಿನ ನೀರನ್ನು ಬೆರಳಿನಿಂದ ನಾಲಿಗೆಗೆ ಹಚ್ಚಿ ನೋಡಿ ನಗುತ್ತಿದ್ದ. "ಇದು ಅಮಾನತ್ತು ಕಣೇ, ಇನ್ನೊಬ್ಬರ ಸೊತ್ತು. ನನ್ ಗಾಡೀಲಿ ಬಂದಿದೆ. ವಾಪಸ್ ಮುಟ್ಸದೆ ಸತ್ರೆ ಅಲ್ಲಾಹ್‌ಗೆ ಏನ್ ಹೇಳ್ಲಿ?"

*

ಮನೆಯಲ್ಲಿ ಅಕ್ಬರಿ ಪರದೆಯ ಹಿಂದೆ ಹೆಂಗಸರ ನಡುವೆ ಕೂತು ತಸ್ಬೀಹ್ ಎಣಿಸುತ್ತಿದ್ದಳು. ಹಮ್ಜಾ ಹೇಳಿದ್ದು ಕೇಳಿ ಅವಳ ಬೆರಳು ಮಣಿಯ ಮೇಲೆಯೇ ನಿಂತಿತು.

"ಲಕ್ಕಣ್ಣ, ನೀವು ಪ್ರೀತಿಯಿಂದ್ಲೇ ಇಟ್ರಿ. ಆದ್ರೆ ಅಮಾನತ್ತು ಅವರ ಎದೆ ಮೇಲಿರೋದು ಬೇಡ."

ಬಾಗಿಲಲ್ಲಿ ನಿಂತಿದ್ದ ಲಕ್ಕಣ್ಣ ತಲೆ ಕೆರೆದುಕೊಂಡ. "ಗೋರಿ ಮ್ಯಾಲಿಂದು ಕಿತ್ರೆ ಪಾಪ ಬರಲ್ವೇನಮ್ಮ?"

"ಬಿಟ್ರೇನೇ ಪಾಪ."

ಅವನು ಗೋರಿಯ ಬಳಿಗೆ ಮರಳಿ ಹೋದ. ಒಂದೊಂದೇ ಸಸಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಜಾಗದಲ್ಲಿ ಬೇವಿನ ರೆಂಬೆ ಸಿಕ್ಕಿಸಿದ. "ಬೇಜಾರ್ ಮಾಡ್ಕಬ್ಯಾಡ ಕಣೋ ಅಜ್ಜು. ಕಿತ್ತೋರು ಯಾರೋ, ಒತ್ಕಂಡು ತಿರುಗೋರು ನಾವು," ಎಂದ.

ಬರುವ ಭಾನುವಾರ ವ್ಯಾನ್ ಹೊನ್ನಾವರಕ್ಕೆ ಹೋಗುವುದಿತ್ತು. ಹಮ್ಜಾ ತಾನೇ ಓಡಿಸುತ್ತೇನೆ ಎಂದ.

ಅಜ್ಜುವಿಗೆ ಕೊನೆಯ ಸ್ನಾನ ಮಾಡಿಸಿದ ಅದೇ ಬಕೆಟ್ಟಿಗೆ ಅಕ್ಬರಿ ನೀರು ತುಂಬಿದಳು. ಸಸಿಗಳನ್ನು ನಿಲ್ಲಿಸಿ ಒಂದು ಹಿಡಿ ಕಲ್ಲುಪ್ಪು ಹಾಕಿದಳು. ಸಮುದ್ರವನ್ನು ಎಂದೂ ನೋಡದ ಅವಳು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಇನ್ನೊಂದು ಚಿಟಿಕೆ ಹಾಕಿದಳು.