ಮುದ್ದೆ ನುಂಗುವ ಮನೆಯಲ್ಲಿ ತೂಕದ ಸರ್ಜರಿ ಮಾತು

ಸೋಮವಾರ ಬೆಳಿಗ್ಗೆ ಎಂಟೂ ಇಪ್ಪತ್ತು. ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿದ್ದ ದಿನೇಶ್ ಕುಳಿತಲ್ಲೇ ನಿದ್ದೆಹೋದರು. ಹಿಂದೆ ಕುಳಿತಿದ್ದ ಮಗಳು ಮೇಘಶ್ರೀ ಬೆನ್ನಿಗೆ ಗುದ್ದಿದಾಗ ಎಚ್ಚರವಾಯಿತು.

ದಿನೇಶ್‌ಗೆ ನಲವತ್ತೊಂದು ವರ್ಷ. ಇಟ್ಟಮಡುವಿನಲ್ಲಿ ಹಾರ್ಡ್‌ವೇರ್ ಅಂಗಡಿ. ಎತ್ತರ ಐದಡಿ ಆರಿಂಚು, ತೂಕ ನೂರ ಇಪ್ಪತ್ತೆಂಟು ಕೆ.ಜಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ಬಾರಿ ಡಯಟ್ ಹಿಡಿದಿದ್ದರು. ಪ್ರತಿ ಬಾರಿ ಇಳಿದದ್ದಕ್ಕಿಂತ ಏರಿದ್ದೇ ಹೆಚ್ಚು.

ಅಂದು ಸಂಜೆ ಅವರು ಮನೆಯಲ್ಲಿ ವಿಷಯ ತೆಗೆದರು. "ತೂಕ ಇಳಿಸೋ ಸರ್ಜರಿ ಮಾಡಿಸ್ಕೊಂಡ್ಬಿಡ್ತೀನಿ. ಮೊಬೈಲಲ್ಲಿ ಆ್ಯಡ್ ನೋಡ್ದೆ. ಮೂರೇ ದಿನವಂತೆ."

ತಾಯಿ ಮುನಿವೆಂಕಟಮ್ಮ ಸಿಡಿದರು. "ಹೊಟ್ಟೆ ಕುಯ್ಯಿಸ್ಕೊಳೋಕೆ ಏನ್ ಬಂದೈತೋ ನಿಂಗೆ? ನಿಮ್ಮಪ್ಪ ಹೊತ್ತಿಗೆರಡು ಮುದ್ದೆ ಉಂಡು ಎಂಬತ್ತು ವರ್ಷ ಬದುಕಿರ್ಲಿಲ್ವಾ?"

"ಮಾವ ಹೊಲ ಉಳ್ತಿದ್ರು ಅತ್ತೆ. ಇವರು ಕೌಂಟರ್ ಬಿಟ್ಟು ಏಳೋದೇ ಇಲ್ಲ," ಎಂದರು ಹೆಂಡತಿ ಶಾಲಿನಿ. ಹಾಗೆಂದರೂ ಅವರಿಗೂ ಆಪರೇಷನ್ ಎಂದರೆ ಭಯ.

ಮಹಡಿ ಮನೆಯ ಬಾಡಿಗೆದಾರರಾದ ದಾನಮ್ಮ ನೀರಿನ ಮೋಟಾರ್ ಹಾಕಿಸಲು ಕೆಳಗೆ ಬಂದರು. ಬಾಗಲಕೋಟೆ ಕಡೆಯವರು. ಆಸ್ಪತ್ರೆಯೊಂದರಲ್ಲಿ ನರ್ಸ್. ಇಂಥ ಸರ್ಜರಿಯ ರೋಗಿಗಳನ್ನು ನೋಡಿಕೊಂಡವರು.

"ನೀನೇ ಹೇಳಮ್ಮ, ಇದೆಲ್ಲ ಬೇಕಾ ಇವನಿಗೆ?" ಎಂದರು ಮುನಿವೆಂಕಟಮ್ಮ.

"ಬೇಕೋ ಬ್ಯಾಡೋ ಡಾಕ್ಟರು ಹೇಳ್ಬೇಕ್ರೀ. ನಾ ಒಂದು ಕೇಳ್ತೀನಿ. ಅಣ್ಣಾರ, ಮುದ್ದಿ ಹೆಂಗ ಉಣ್ತೀರಿ?"

"ಹೆಂಗೆ ಅಂದ್ರೆ? ಮುರಿದು, ಸಾರಲ್ಲಿ ಅದ್ದಿ, ನುಂಗೋದು."

"ಅಗಿಯೂದಿಲ್ಲ?"

ಮುನಿವೆಂಕಟಮ್ಮ ನಕ್ಕುಬಿಟ್ಟರು. "ಮುದ್ದೆ ಯಾರಾದ್ರೂ ಅಗೀತಾರಾ? ಹಲ್ಲಿಗೆ ಅಂಟ್ಕೊಳ್ತದೆ. ದವಡೆ ನೋಯೋ ತನಕ ಅಗಿಯೋಕೆ ಅದೇನು ನಿಮ್ ಜೋಳದ ರೊಟ್ಟಿನಾ?"

"ಸರ್ಜರಿ ಆದ್ರ ಆ ದವಡಿ ಕೆಲಸಾನ ಅಣ್ಣಾರು ಇನ್ನ ಜೀವ್ನಪೂರ್ತಿ ಮಾಡ್ಬೇಕಾಗ್ತದ ನೋಡ್ರಿ," ಎಂದರು ದಾನಮ್ಮ. ಅವರ ಮುಖದಲ್ಲಿ ನಗುವಿರಲಿಲ್ಲ.

ಅವರು ವಿವರಿಸಿದ್ದು ಇಷ್ಟು. ಸ್ಲೀವ್ ಎಂಬ ಸರ್ಜರಿಯಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಮೊದಲ ಕೆಲವು ವಾರ ದ್ರವ, ನಂತರ ಮೆತ್ತನೆಯ ಆಹಾರ. ಆಮೇಲೂ ಸ್ವಲ್ಪವೇ, ನುಣ್ಣಗೆ ಅಗಿದು ತಿನ್ನಬೇಕು. ಗಬಕ್ಕನೆ ನುಂಗಿದರೆ ನೋವು, ವಾಂತಿ. ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ಜೀವನಪರ್ಯಂತ.

"ಆ್ಯಡಲ್ಲಿ ಇದ್ಯಾವ್ದೂ ಇರ್ಲಿಲ್ಲ," ಎಂದರು ದಿನೇಶ್. ಬೆಳಿಗ್ಗೆ ಅವರು ಸಿಗ್ನಲ್‌ನಲ್ಲಿ ನಿದ್ದೆಹೋದದ್ದನ್ನು ಶಾಲಿನಿ ದಾನಮ್ಮನಿಗೆ ಹೇಳಿದರು.

"ಆ್ಯಡಿನ್ಯಾಗ ಮೂರು ದಿನ ತೋರಿಸ್ತಾರ್ರೀ. ಮುಂದಿನ ನಲವತ್ತು ವರ್ಷ ನಿಮ್ದು. ಹಗಲಿನ್ಯಾಗ ಹಿಂಗ ನಿದ್ದಿ ಬರ್ತದಂದ್ರ ಮೊದ್ಲು ನಿದ್ದಿ ಪರೀಕ್ಷೆ ಮಾಡಿಸ್ರಿ. ಅಲ್ಲೀತನ ಗಾಡಿ ಕೀಲಿ ಅಕ್ಕಾರ ಕೈಯಾಗಿರ್ಲಿ."

ಶಾಲಿನಿ ಆಗಲೇ ಕೀ ತೆಗೆದುಕೊಂಡಿದ್ದರು.

ಪರೀಕ್ಷೆಯಲ್ಲಿ ಗೊತ್ತಾಯಿತು: ನಿದ್ದೆಯಲ್ಲಿ ದಿನೇಶ್ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಮಲಗುವಾಗ ಹಾಕಿಕೊಳ್ಳಲು ಮಾಸ್ಕ್ ಇರುವ ಯಂತ್ರ ಕೊಟ್ಟರು. ಆಮೇಲೆ ತಾಯಿ, ಹೆಂಡತಿಯ ಜೊತೆ ಅವರು ಸರ್ಜನ್ ಡಾ. ಸೀತಾಲಕ್ಷ್ಮಿ ಅವರನ್ನು ಕಂಡರು.

ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ನಲವತ್ತೈದು ಬಂತು. ಸಾಮಾನ್ಯವಾಗಿ ಮೂವತ್ತೈದು ದಾಟಿದವರಿಗೆ, ಸಕ್ಕರೆ ಕಾಯಿಲೆಯಂಥವು ಇದ್ದರೆ ಅದಕ್ಕಿಂತ ಕಡಿಮೆ ಇರುವವರಿಗೂ, ಈ ಸರ್ಜರಿಯನ್ನು ಪರಿಗಣಿಸುತ್ತಾರೆ.

"ರಕ್ತಸ್ರಾವ, ಹೊಲಿಗೆ ಜಾಗದಲ್ಲಿ ಸೋರಿಕೆ, ರಕ್ತ ಹೆಪ್ಪುಗಟ್ಟೋದು ಆಗ್ಬಹುದು. ಅಪರೂಪ, ಆದ್ರೆ ಇಲ್ಲ ಅನ್ನಲ್ಲ," ಎಂದರು ಡಾಕ್ಟರ್. "ಔಷಧಿ, ಇಂಜೆಕ್ಷನ್ ದಾರಿನೂ ಇದೆ. ನಿಮ್ಮ ತೂಕ, ಶುಗರ್, ಉಸಿರಿನ ತೊಂದರೆ ನೋಡಿದ್ರೆ ಸರ್ಜರಿಯಿಂದ ಲಾಭ ಹೆಚ್ಚು. ಅವಸರ ಇಲ್ಲ, ಯೋಚ್ನೆ ಮಾಡಿ."

"ನನ್ ಮಗ ಹಸ್ಕೊಂಡ್ ಸಾಯಲ್ವಾ ತಾಯಿ?" ಎಂದು ಕೇಳಿದರು ಮುನಿವೆಂಕಟಮ್ಮ.

"ಇಲ್ಲಮ್ಮ. ಹಸಿವೂ ಕಡಿಮೆ ಆಗುತ್ತೆ. ರಾಗಿ ಪೂರ್ತಿ ಬಿಡ್ಬೇಕಾಗಿಲ್ಲ. ನಾವು ಹೇಳಿದಾಗ ತೆಳ್ಳಗೆ ಅಂಬಲಿ ಮಾಡ್ಕೊಡಿ."

ಮುನಿವೆಂಕಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಅಷ್ಟು ಹೇಳಿದ್ರಲ್ಲ, ಸಾಕು. ಮಾಡ್ಕೊಡ್ತೀನಿ."

ದಿನೇಶ್ ಒಂದು ತಿಂಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ಸಣ್ಣ ತಟ್ಟೆ, ಸಣ್ಣ ತುತ್ತು, ಊಟಕ್ಕೆ ಅರ್ಧ ಗಂಟೆ. "ಹಸು ಮೆಲುಕು ಹಾಕ್ದಂಗೆ ಹಾಕ್ತಾನೆ ನೋಡು," ಎಂದು ತಾಯಿ ರೇಗಿಸಿದರು. ತಿಂಗಳ ಕೊನೆಗೆ ದಿನೇಶ್, "ನನ್ ಕೈಲಿ ಆಗುತ್ತೆ. ಮಾಡಿಸ್ಕೊಳ್ತೀನಿ," ಎಂದರು. ಯಾರೂ ಬೇಡ ಎನ್ನಲಿಲ್ಲ. ಭಯದಿಂದ ಸರಿಯಾಗಿ ಊಟ ಸೇರದಿದ್ದ ಶಾಲಿನಿ ಅಂದು ಹೊಟ್ಟೆತುಂಬ ಉಂಡರು.

ನಿಮ್ಮ ಮನೆಯಲ್ಲೂ ಈ ಮಾತು ನಡೆದಿದ್ದರೆ ಜಾಹೀರಾತು ನೋಡಿ ಒಪ್ಪಬೇಡಿ, ನೆಂಟರ ಮಾತು ಕೇಳಿ ಹೆದರಲೂ ಬೇಡಿ. ತಜ್ಞರನ್ನು ಕಾಣಿ. ಅನುಮಾನವಿದ್ದರೆ ಇನ್ನೊಬ್ಬರನ್ನೂ ಕೇಳಿ. ಅಡುಗೆ ಮಾಡುವವರನ್ನು ಜೊತೆಗೆ ಕರೆದೊಯ್ಯಿರಿ. ತೂಕ ಹೆಚ್ಚಿರುವುದು ನಾಚಿಕೆಯ ವಿಷಯವಲ್ಲ.

ದಿನೇಶ್ ಅವರ ಸರ್ಜರಿ ಒಂದು ಬುಧವಾರ ನಡೆಯಿತು. ಶನಿವಾರ ಮನೆಗೆ ಬಂದರು. ಆರು ತಿಂಗಳ ನಂತರ ಅವರ ತೂಕ ತೊಂಬತ್ತೆಂಟು ಕೆ.ಜಿ.