ಆಕಾಶದಲ್ಲೂ ಉಪ್ಪು ಕೇಳದವನು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಗಗನಯಾತ್ರಿ ಈ ಗಾದೆಯ ಎರಡನೆಯ ಅರ್ಧವನ್ನಷ್ಟೇ ಕಲಿತು ಮೇಲೆ ಹೋಗಿದ್ದ. ಭೂಮಿಯ ಸುತ್ತ ತಿರುಗುವ ನಿಲ್ದಾಣದಲ್ಲಿ ಕೂತು ದಿನದಿಂದ ದಿನಕ್ಕೆ ಸೊರಗುತ್ತಿದ್ದ. ಕೆಳಗೆ ಡಾಕ್ಟರು ಅವನ ತೂಕ ನೋಡಿ, ಈ ವಾರವೂ ಇಳಿದರೆ ವಾಪಸ್ ಕರೆಸುವುದೇ ಸೈ ಎಂದುಬಿಟ್ಟಿದ್ದರು. ಹಾಗಾದರೆ ನಿಲ್ದಾಣದಿಂದ ಹೊರಗೆ ಬಂದು ಬಯಲಲ್ಲಿ ತೇಲುತ್ತ ಮಾಡುವ ಕೆಲಸ, ಅವನು ಅರ್ಧ ಆಯುಷ್ಯ ಕಾದಿದ್ದ ಕೆಲಸ, ಬೇರೆಯವರ ಪಾಲಾಗುತ್ತಿತ್ತು.

ಅವನಿಗೆ ಅಡುಗೆ ಮಾಡಿ ಕಳಿಸಿದವಳು ಅವನ ಹೆಂಡತಿಯೇ. ಗಗನಯಾತ್ರಿಗಳ ಊಟ ತಯಾರಾಗುವ ಅಡುಗೆಮನೆಗೆ ಅವಳು ಯಜಮಾನಿ; ಅಲ್ಲಿ ಎಲ್ಲರಿಗೂ ಅಕ್ಕ. ಬೇಯಿಸಿ, ಒಣಗಿಸಿ, ಪೊಟ್ಟಣ ಕಟ್ಟುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವಳೇ ಹೇಳುತ್ತಿದ್ದಳು, ಉಳಿದವರು ಹೂಂಗುಟ್ಟುತ್ತಿದ್ದರು. ಬಡಿಸಿದ ಮೇಲೆ ಉಪ್ಪು ಕೇಳಿದರೆ ಅವಳಿಗೆ ಕೆನ್ನೆಗೆ ಹೊಡೆದ ಹಾಗೆ. ಮದುವೆಯ ಹೊಸದರಲ್ಲಿ ಗಂಡ ಒಮ್ಮೆ ಕೇಳಿದ್ದ. ಅವಳು ವಾರವಿಡೀ ಮಾತು ಬಿಟ್ಟಿದ್ದಳು. ಆಮೇಲೆ ಅವನು ಉಪ್ಪಿನ ಹೆಸರೆತ್ತಲಿಲ್ಲ. ತುಟಿ ಪಿಟಕ್ಕೆನ್ನದೆ ಉಂಡು, ಕೊನೆಗೆ "ಚೆನ್ನಾಗಿದೆ" ಎಂದು ಎದ್ದುಹೋಗುತ್ತಿದ್ದ. ಸಂಸಾರ ಸುಖವಾಗಿಯೇ ಸಾಗಿತ್ತು.

ಡಾಕ್ಟರು ಅಕ್ಕನನ್ನು ಕರೆಸಿದರು. "ಜೊತೇಲಿರೋ ಪೈಲಟ್ ಹುಡುಗಿ ಅದೇ ಊಟ ತಿಂದು ಗುಂಡಗಾಗಿದಾಳೆ. ಊಟದಲ್ಲೇನೂ ತಪ್ಪಿಲ್ಲ. ನಿಮ್ಮ ಯಜಮಾನ್ರಿಗೇ ಏನೋ ಕಾಯಿಲೆ ಇರಬೇಕು."

"ದಿನಾ ಚೆನ್ನಾಗಿದೆ ಅಂತಾನೇ ಹೇಳ್ತಿದಾರಲ್ಲ," ಎಂದಳು ಅಕ್ಕ.

"ಹೇಳ್ತಾರೆ. ನಾಲ್ಕು ತುತ್ತು ತಿಂದು ಪೊಟ್ಟಣ ಮಡಚಿಡ್ತಾರೆ."

ಕಳಿಸಿದ ಪ್ರತಿ ಅಡುಗೆಯ ಒಂದೆರಡು ಪೊಟ್ಟಣಗಳನ್ನು ಕೆಳಗೂ ಉಳಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಅಕ್ಕ ತರಕಾರಿ ಅನ್ನದ ಪೊಟ್ಟಣಕ್ಕೆ ಬಿಸಿನೀರು ಹಾಕಿ ನೆನೆಸಿದಳು. ಉಪ್ಪುನೀರಿನ ಪುಟ್ಟ ಬಾಟಲಿಗಾಗಿ ಕೈಚಾಚಿದರೆ ಅದನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ಮೇಲೆ ನಿಲ್ದಾಣದಲ್ಲಿ ಉಪ್ಪಿನ ಹರಳು ಉದುರಿಸಿದರೆ ಅದು ತೇಲಿಹೋಗಿ ಕಣ್ಣಿಗೋ ಯಂತ್ರಕ್ಕೋ ಬೀಳುತ್ತದೆ. ಆದ್ದರಿಂದ ಅಲ್ಲಿಗೆ ಕಳಿಸುವುದು ನೀರಲ್ಲಿ ಕರಗಿಸಿದ ಉಪ್ಪು, ಬೇಕೆಂದವರು ಹನಿ ಹಾಕಿಕೊಳ್ಳಬೇಕು. ಇವತ್ತು ಹನಿಯಿಲ್ಲದೆಯೇ ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಒದ್ದೆ ಕಾಗದ ಅಗಿದ ಹಾಗಾಯಿತು. ಇನ್ನೊಂದು ಪೊಟ್ಟಣ ಒಡೆದಳು, ಅದೂ ಹಾಗೆಯೇ.

ಆಗ ಅವಳಿಗೆ ಹೊಳೆಯಿತು. ರುಚಿ ನೋಡಲು ಕೂರುವವರು, ಅವಳೂ ಸೇರಿ, ಎಲ್ಲವೂ ನಿಲ್ದಾಣದಲ್ಲಿದ್ದಂತೆಯೇ ನಡೆಯಲಿ ಎಂದು ಮೊದಲು ಹನಿ ಹಾಕಿಕೊಂಡೇ ತಿನ್ನುತ್ತಿದ್ದರು. ತಿಂದು, "ಅಕ್ಕಾ, ಉಪ್ಪು ಸ್ವಲ್ಪ ಮುಂದಾಯ್ತು" ಎನ್ನುತ್ತಿದ್ದರು. ಅವಳು ಪ್ರತಿಸಲವೂ ಪಾತ್ರೆಗೆ ಹಾಕುವ ಉಪ್ಪು ಕಡಿಮೆ ಮಾಡುತ್ತ ಮಾಡುತ್ತ ಅದು ಚಿಟಿಕೆಗೆ ಬಂದು ನಿಂತಿತ್ತು. ಪೈಲಟ್ ಹುಡುಗಿಗೆ ಯಾರ ಹೆದರಿಕೆ, ಧಾರಾಳವಾಗಿ ಹನಿ ಹಾಕಿಕೊಂಡು ಉಣ್ಣುತ್ತಿದ್ದಳು. ಗಂಡ ಮಾತ್ರ, ಊಟದ ಹೊತ್ತಿಗೆ ಕ್ಯಾಮೆರಾ ಇರುತ್ತದಲ್ಲ, ಆ ಬಾಟಲಿಯನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

ಊಟದಲ್ಲಿ ತಪ್ಪಿಲ್ಲ ಎಂದು ಡಾಕ್ಟರೇ ಹೇಳಿಯಾಗಿತ್ತು. ಸುಮ್ಮನಿದ್ದರೆ ಇವಳ ಹೆಸರು ಉಳಿಯುತ್ತಿತ್ತು, ಗಂಡ ಕೆಳಗಿಳಿಯುತ್ತಿದ್ದ. ಒಂದು ಗಳಿಗೆ ಹಾಗೂ ಯೋಚಿಸಿದಳು, ಸುಳ್ಳೇಕೆ. ಆಮೇಲೆ ತಿಂದು ಉಳಿದ ಪೊಟ್ಟಣ ಹಿಡಿದುಕೊಂಡು ನಿಯಂತ್ರಣ ಕೊಠಡಿಗೆ ನಡೆದಳು. ಅಲ್ಲಿ ಡಾಕ್ಟರಿದ್ದರು, ಅವಳ ಮೇಲಧಿಕಾರಿಯಿದ್ದರು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಇಪ್ಪತ್ತು ಮೂವತ್ತು ಜನರಿದ್ದರು. ಗೋಡೆಯಗಲದ ಪರದೆಯ ಮೇಲೆ ಗಂಡ ಊಟದ ಪೊಟ್ಟಣ ಹಿಡಿದು ತೇಲುತ್ತಿದ್ದ.

"ರೀ, ಊಟಕ್ಕೆ ಉಪ್ಪಿಲ್ಲ. ಹನಿ ಹಾಕ್ಕೊಳ್ಳಿ," ಎಂದಳು.

ಗಂಡನ ಮುಖ ಬಿಳುಚಿತು. ಇಂಥ ಪರೀಕ್ಷೆಗಳನ್ನು ಅವನು ಸಾಕಷ್ಟು ಕಂಡವನು. "ಹದವಾಗೇ ಇದೆಯಲ್ಲ," ಎಂದ.

"ಇಲ್ಲ ರೀ. ನಾನೇ ತಿಂದು ನೋಡ್ದೆ."

"ನಂಗೇನೋ ಇವತ್ತು ಇನ್ನೂ ಚೆನ್ನಾಗಿದೆ ಅನ್ನಿಸ್ತು."

ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. ಪೈಲಟ್ ಹುಡುಗಿ ತನ್ನ ಬಾಟಲಿಯನ್ನು ಅವನತ್ತ ತೇಲಿಬಿಟ್ಟಳು. ಅವನು ಹಾವು ಕಂಡವನಂತೆ ಸರಿದುಕೊಂಡ.

ಅಕ್ಕ ಕ್ಯಾಮೆರಾದ ಮುಂದೆಯೇ ಪೊಟ್ಟಣ ಬಿಚ್ಚಿ ಒಂದು ಚಮಚ ಬಾಯಿಗಿಟ್ಟು, ಕರವಸ್ತ್ರಕ್ಕೆ ಉಗುಳಿದಳು. "ಥೂ. ಇದನ್ನ ನಾಯೀನೂ ಮೂಸಲ್ಲ. ನಂದೇ ತಪ್ಪು." ಮೇಲಧಿಕಾರಿ ಸೂರು ನೋಡತೊಡಗಿದರು.

ಗಂಡ ಬಾಟಲಿ ಹಿಡಿದ. ಅವಳನ್ನೇ ನೋಡುತ್ತ ಒಂದು ಹನಿ ಹಾಕಿ ನಿಲ್ಲಿಸಿದ. ಅವಳು ತಲೆಯಾಡಿಸಿದ ಮೇಲೆ ಚೆನ್ನಾಗಿಯೇ ಹಿಂಡಿದ. ಪೊಟ್ಟಣ ಪೂರ್ತಿ ಖಾಲಿ ಮಾಡಿ, ಇನ್ನೊಂದು ಒಡೆದ, ಅದು ಮುಗಿದ ಮೇಲೆ ಹುಡುಗಿಯ ಪಾಲಿನದಕ್ಕೂ ಕೈಹಾಕಿದ. ವಾಪಸ್ ಕರೆಸುವ ಮಾತು ಸದ್ಯಕ್ಕೆ ಬೇಡ ಎಂದರು ಡಾಕ್ಟರು.

ಅಕ್ಕನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಈ ಮನುಷ್ಯ ತನಗೆ ಬೇಜಾರಾದೀತೆಂದು ಅನ್ನದ ಮುಂದೆ ಕೂತು ಉಪವಾಸ ಬಿದ್ದಿದ್ದಾನೆ. ಕಣ್ಣೊರೆಸಿಕೊಂಡು, "ಮನೇಲೂ ಹೀಗೇನಾ?" ಎಂದು ಕೇಳಿದಳು.

ಅವನು ಪೈಲಟ್ ಹುಡುಗಿಯ ಕಡೆ ನೋಡಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. "ಅಲ್ಪ ಸ್ವಲ್ಪ," ಎಂದ.

"ಉಪ್ಪೊಂದೇನಾ, ಬೇರೆ ಏನಾದ್ರೂ ಇದೆಯಾ? ಇವತ್ತು ಹೇಳಿಬಿಡಿ. ನಾನೇನೂ ಅಂದ್ಕೊಳ್ಳಲ್ಲ."

ಅವನು ಗಂಟಲು ಸರಿಮಾಡಿಕೊಂಡ. "ಡಾಕ್ಟ್ರೇ, ಈ ಲೈನು ಇನ್ನೆಷ್ಟು ಹೊತ್ತು ಇರುತ್ತೆ?"

"ಒಂದು ಹತ್ತು ನಿಮಿಷ."

"ಸಾಲಲ್ಲ," ಎಂದ ಗಂಡ.

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಶುರು ಮಾಡಿ," ಎಂದಳು. "ಮಿಕ್ಕಿದ್ದು ನಾಳೆ."